ಟ್ಯೂಶನ್ ಎಂದರೆ

ಶ್ರೀ ದುರ್ಗಾ ಸಹಾಯ

ಶಾಂತಿಪುರ, ನದಿಯಾ
೨೨ ಅಕ್ಟೋಬರ್ ೧೯೯೯

ಮಾಸ್ಟರಮಶಾಯ್ ಅವರ ಪಾದಗಳಿಗೆ,

ವಿಜಯದಶಮಿಯ ಪ್ರಣಾಮಗಳು. ದೇವಿಯನ್ನು ನೀರಿಗೆ ಬಿಟ್ಟು ಮೂರು ದಿನವಾಯಿತು. ಓಣಿಯ ಹಿರಿಯರಿಗೆಲ್ಲ ನಮಸ್ಕಾರ ಮಾಡಿ ಬಂದೆ. ನೀವು ಊರಲ್ಲಿಲ್ಲದ ಕಾರಣ ಕಾಗದದಲ್ಲಿ ಮಾಡುತ್ತಿದ್ದೇನೆ. ವಿಳಾಸ ಕೊಟ್ಟವರು ನಿಮ್ಮ ಸೋದರತ್ತೆ. "ಬರೀತೀಯಾ? ಬರಿ. ಅವನು ಉತ್ತರ ಕೊಡ್ತಾನೆ ಅಂತ ಮಾತ್ರ ಕಾಯ್ಬೇಡ" ಎಂದರು.

ನಾನು ನಿತಾಯ್‌ನ ಅಕ್ಕ ಶೇಫಾಲಿ, ನೇಕಾರ ಹರಿಪದ ಪ್ರಾಮಾಣಿಕ್ ಅವರ ಮಗಳು. ನೀವು ನನ್ನ ಮುಖ ಸರಿಯಾಗಿ ನೋಡಿರಲಿಕ್ಕಿಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ನಾನು ರಾಟೆಯ ಮುಂದೆ ತಲೆ ತಗ್ಗಿಸಿಕೊಂಡು ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಕಲಿತದ್ದೆಲ್ಲ ನಿತಾಯ್ ಗಟ್ಟಿಯಾಗಿ ಓದುವಾಗ ಕಿವಿಗೆ ಬಿದ್ದದ್ದು. ತಪ್ಪಿದ್ದರೆ ಕ್ಷಮಿಸಿ.

ನಿತಾಯ್ ಮನೆಯಲ್ಲಿಲ್ಲ. ಜುಲೈನಲ್ಲಿ ಪಕ್ಕದ ಓಣಿಯವರ ಜೊತೆ ಸೂರತ್‌ಗೆ ಹೋದ. ಅಲ್ಲಿ ವಿದ್ಯುತ್ ಮಗ್ಗದ ಕಾರ್ಖಾನೆಯಲ್ಲಿದ್ದಾನೆ. ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲೆ ಎಸೆದು ಹೋದ.

ಜೂನ್‌ನಲ್ಲಿ ಹತ್ತನೇ ಕ್ಲಾಸಿನ ಫಲಿತಾಂಶ ಬಂದು ನಿತಾಯ್ ಫೇಲಾದ ದಿನ ನಮ್ಮ ಬಾಬಾ ಚಹಾ ಅಂಗಡಿಯ ಮುಂದೆ ನಿಮಗೆ ಅಂದ ಮಾತನ್ನು ನಾನು ನಮ್ಮ ಬಾಗಿಲ ಹಿಂದೆ ನಿಂತು ಕೇಳಿದೆ. "ಪರೀಕ್ಷೆಗೆ ಏನೇನು ಬರುತ್ತೆ ಅಂತ ಹನ್ನೊಂದು ಹುಡುಗರಿಗೆ ಪೂರ್ತಿ ಪಟ್ಟಿ ಕೊಟ್ರಿ, ನಮ್ಮ ಹುಡುಗನಿಗೆ ಮಾತ್ರ ಅರ್ಧ ಸಜೆಶನ್! ಫೀಸು ಕೊಡದ ಬಿಟ್ಟಿ ಹುಡುಗ ಅಂತ ತಾನೇ?" ಎಂದರು. ನೀವು, "ಎಲ್ಲರಿಗೂ ಒಂದೇ ಕೊಟ್ಟಿದೀನಿ ಹರಿಪದ" ಎಂದಷ್ಟೇ ಹೇಳಿದಿರಿ. ಜನ ಹಾಳೆ ಎಣಿಸಿದರು. ಎಲ್ಲರ ಹತ್ತಿರ ಎಂಟು, ನಿತಾಯ್ ಹತ್ತಿರ ಏಳು. ಇತಿಹಾಸದ ಎರಡು ದೊಡ್ಡ ಪ್ರಶ್ನೆಗಳು ಆ ಎಂಟನೆಯ ಹಾಳೆಯಲ್ಲಿದ್ದವು. ಮರುವಾರಕ್ಕೆ ನಿಮ್ಮ ಪಾಠದ ಚಾಪೆ ಖಾಲಿಯಾಯಿತು. ನಿಮ್ಮ ಕೋಣೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ 'ಅರ್ಧ ಮಾಸ್ಟರ್' ಎಂದು ಬರೆದಿದ್ದರು. ನೀವು ಹೋದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಪೂರ್ತಿ ಹೋಗಲಿಲ್ಲ.

ಮತ್ತೆ ಪರೀಕ್ಷೆ ಕಟ್ಟುವವರು ನವೆಂಬರ್ ಕೊನೆಯೊಳಗೆ ಫಾರಂ ತುಂಬಬೇಕಂತೆ. ನೀವು ನಿತಾಯ್‌ಗೆ ಒಂದು ಸಾಲು ಬರೆದರೆ ಅವನು ಬರುತ್ತಾನೆ. ಬೇರೆ ಯಾರು ಕರೆದರೂ ಬರುವುದಿಲ್ಲ.

ಇನ್ನೊಂದು. ಟ್ಯೂಶನ್ ಎನ್ನುವುದು ಇಂಗ್ಲಿಷ್ ಪದವಂತೆ. ನಮ್ಮ ಓಣಿಯಲ್ಲಿ ದಿನಕ್ಕೆ ನೂರು ಸಲ ಕೇಳುತ್ತೇನೆ. ಅದರ ನಿಜವಾದ ಅರ್ಥವೇನು? ನೀವು ಯಾರ ಪ್ರಶ್ನೆಯನ್ನೂ ಉತ್ತರವಿಲ್ಲದೆ ಬಿಡುವುದಿಲ್ಲ ಎಂದು ನಿತಾಯ್ ಹೇಳುತ್ತಿದ್ದ.

ಪ್ರಣಾಮಗಳೊಂದಿಗೆ,
ಶೇಫಾಲಿ


ದಿನ್‌ಹಾಟಾ, ಕೂಚ್‌ಬಿಹಾರ್
೬ ನವೆಂಬರ್ ೧೯೯೯

ಕಲ್ಯಾಣೀಯೆ ಶೇಫಾಲಿಗೆ,

ವಿಜಯದಶಮಿಯ ಆಶೀರ್ವಾದ. ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಪ್ರಶ್ನೆ ಕೇಳಿದ್ದೀಯೆ. ಆ ಚಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಇಂಗ್ಲಿಷಿನಲ್ಲಿ ಆ ಪದದ ಹಳೆಯ ಅರ್ಥ ಕಾವಲು. ತಂದೆ ಇಲ್ಲದ ಮಗುವನ್ನು ದೊಡ್ಡದಾಗುವವರೆಗೆ ಕಣ್ಣಿಟ್ಟು ನೋಡಿಕೊಳ್ಳುವುದು. ನಂತರ ಅದು ಕಲಿಸುವುದು ಎಂದಾಯಿತು. ಸಮುದ್ರದಾಚೆ ಕೆಲವು ದೇಶಗಳಲ್ಲಿ ಕಾಲೇಜಿಗೆ ಕಟ್ಟುವ ಹಣಕ್ಕೇ ಹಾಗೆನ್ನುತ್ತಾರೆ. ನಮ್ಮ ಬಂಗಾಳದಲ್ಲಿ ಹುಡುಗ ಟ್ಯೂಶನ್‌ಗೆ ಹೋಗುತ್ತಾನೆ ಎಂದರೆ ಅವನು ದಾರಿಯಲ್ಲಿದ್ದಾನೆ ಎಂದರ್ಥ. ಗಂಡಸು ಟ್ಯೂಶನ್ ಮಾಡುತ್ತಾನೆ ಎಂದರೆ ಅವನಿಗೆ ದಾರಿ ಸಿಕ್ಕಿಲ್ಲ ಎಂದರ್ಥ. ನನಗೆ ಮೂವತ್ತಾಗಿದ್ದಾಗ ಕೃಷ್ಣನಗರದಿಂದ ಹೆಣ್ಣಿನ ಕಡೆಯವರು ಬಂದಿದ್ದರು. "ಹುಡುಗ ಏನ್ ಮಾಡ್ತಾನೆ?" "ಬಿ.ಎ. ಆಗಿದೆ, ಟ್ಯೂಶನ್ ಮಾಡ್ತಾನೆ" ಅಂದರು ಅತ್ತೆ. "ಅದನ್ನ ಎಲ್ಲರೂ ಮಾಡ್ತಾರಮ್ಮ. ಹೊಟ್ಟೆಪಾಡಿಗೆ ಏನ್ ಮಾಡ್ತಾನೆ?" ಎರಡೆರಡು ರಸಗುಲ್ಲ ತಿಂದು ಎದ್ದು ಹೋದರು.

ಹದಿನಾಲ್ಕು ವರ್ಷ ಆ ಕೆಲಸವಲ್ಲದ ಕೆಲಸ ಮಾಡಿದೆ. ಈಗ ಭಾವನ ತಂಬಾಕು ಗೋದಾಮಿನಲ್ಲಿ ಕೂತು ಎಲೆಯ ಕಟ್ಟುಗಳಿಗೆ ಚೀಟಿ ಅಂಟಿಸುತ್ತೇನೆ. ಬೆಳಗಿನಿಂದ ಸೀನು. ಇಲ್ಲಿ ಯಾರೂ ನನ್ನನ್ನು ಮಾಸ್ಟರ್ ಎನ್ನುವುದಿಲ್ಲ. ಅದು ನನಗೆ ಸುಖವಾಗಿದೆ.

ನಿತಾಯ್‌ಗೆ ಬರೆಯಲಾರೆ. ಏನೆಂದು ಬರೆಯಲಿ? ನಾನು ಮೋಸ ಮಾಡಲಿಲ್ಲ ಎಂದೇ? ಹದಿನಾರರ ಹುಡುಗನಿಗೆ ನಲವತ್ತೆರಡರ ಗಂಡಸು ಸಮಜಾಯಿಷಿ ಬರೆದರೆ ಅದು ಮೋಸದಂತೆಯೇ ಕೇಳಿಸುತ್ತದೆ.

ನನ್ನ ಪದ್ಧತಿ ನಿನಗೆ ನೆನಪಿರಬೇಕು. ಸಜೆಶನ್ ಕೊಡುವುದು ವರ್ಷಕ್ಕೆ ಒಂದೇ ದಿನ. ಜೆರಾಕ್ಸ್ ಮಾಡಿಸುವಂತಿಲ್ಲ, ಮಾಡಿಸಿದರೆ ಸಂಜೆಯೊಳಗೆ ಸ್ಟೇಷನ್ ಬಳಿಯ ಕೋಚಿಂಗ್‌ನವರ ಕೈಯಲ್ಲಿರುತ್ತದೆ. ಎಲ್ಲರೂ ಎದುರಿಗೆ ಕೂತು, ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತ ನಕಲು ಮಾಡಿಕೊಳ್ಳಬೇಕು. ನಿತಾಯ್‌ಗೆ ಸೀತಾಳೆ ಸಿಡುಬು ಎದ್ದಿದೆ ಎಂದು ಆ ದಿನ ಅವನ ಬದಲು ನೀನು ಬಂದು ಬಾಗಿಲ ಹತ್ತಿರ ಕೂತೆ. ನಾನು ಚಹಾ ಕುಡಿದು ಹೊರಗೆ ಬಂದಾಗ ಎಂಟು ಹಾಳೆಗಳೂ ಚಾಪೆಯ ಮೇಲೆ ಒಟ್ಟಿಗಿದ್ದವು, ನೀನು ಹೋಗಿದ್ದೆ. ಅಂದರೆ ಎಂಟನ್ನೂ ಬರೆದುಕೊಂಡು ಹೋಗಿದ್ದೀಯೆ. ಹಾಗಾದರೆ ಒಂದು ಹಾಳೆ ನಿಮ್ಮ ಮನೆಯಲ್ಲೇ ಕಳೆದಿರಬೇಕು. ಹಾಸಿಗೆಯ ಕೆಳಗೆ, ನೂಲಿನ ಬುಟ್ಟಿಯಲ್ಲಿ ಹುಡುಕಿದೆಯಾ? ಸಿಕ್ಕರೆ ನಿತಾಯ್‌ಗೆ ಕಳಿಸು. ನನ್ನ ಪತ್ರಕ್ಕಿಂತ ಅದೇ ಚೆನ್ನಾಗಿ ಮಾತಾಡುತ್ತದೆ.

ಆಶೀರ್ವಾದಗಳೊಂದಿಗೆ,
ಶಶಧರ ಮೈತ್ರ


ಶಾಂತಿಪುರ
೧೬ ನವೆಂಬರ್ ೧೯೯೯

ಮಾಸ್ಟರಮಶಾಯ್ ಅವರ ಪಾದಗಳಿಗೆ,

ನಿಮ್ಮ ಪತ್ರ ಬಂತು. ಹುಡುಕಿದೆ. ಸಿಗಲಿಲ್ಲ.

ಮನೆಯಲ್ಲಿ ಕೆಲಸ ಬಹಳ. ನೂಲು ಕೊಟ್ಟು ಸೀರೆ ಕೊಳ್ಳುವ ಮಹಾಜನನಿಗೆ ಆರು ಸೀರೆ ಕೊಡಬೇಕು. ಬಾಬಾಗೆ ಸಂಜೆಯಾದರೆ ಎಳೆ ಕಾಣುವುದಿಲ್ಲ, ಕಡಿದದ್ದನ್ನು ನಾನೇ ಗಂಟು ಹಾಕುತ್ತೇನೆ. ಈ ಸಲ ಭತ್ತದ ಅರಳಿನ ಗಂಜಿ ನೂಲಿಗೆ ಸರಿಯಾಗಿ ಹಿಡಿಯಲಿಲ್ಲ, ಸೀರೆ ಮೆತ್ತಗಾಯಿತೆಂದು ಮಹಾಜನ ಬೈದ.

ನಿಮ್ಮ ಅತ್ತೆ ಚೆನ್ನಾಗಿದ್ದಾರೆ. ಮಂಡಿನೋವು ಇದೆ.

ಪ್ರಣಾಮಗಳೊಂದಿಗೆ,
ಶೇಫಾಲಿ


ಶಾಂತಿಪುರ
೨ ಡಿಸೆಂಬರ್ ೧೯೯೯

ಮಾಸ್ಟರಮಶಾಯ್ ಅವರ ಪಾದಗಳಿಗೆ,

ಹಿಂದಿನ ಪತ್ರದಲ್ಲಿ ಹುಡುಕಿದೆ ಎಂದು ಬರೆದಿದ್ದೆ. ನಾನು ಹುಡುಕಲಿಲ್ಲ. ಬರೆಯದ ಹಾಳೆಯನ್ನು ಎಲ್ಲಿ ಹುಡುಕುವುದು?

ಎಂಟನೆಯ ಹಾಳೆಯನ್ನು ನಾನು ನಕಲು ಮಾಡಲೇ ಇಲ್ಲ.

ಆ ದಿನ ಹನ್ನೊಂದು ಹುಡುಗರ ನಡುವೆ ಹೆಣ್ಣು ನಾನೊಬ್ಬಳೇ. ಅದುವರೆಗೆ ಬರಿಯ ಪಟ್ಟಿಗಳನ್ನು, ಅಂಗಡಿಯ ಚೀಟಿಗಳನ್ನು ಬರೆದಿದ್ದ ಕೈ. 'ಸಾಮ್ರಾಜ್ಯ', 'ಒಪ್ಪಂದ' ಅಂಥ ಮಾತುಗಳನ್ನು ಚಿತ್ರ ಬರೆದಂತೆ ನೋಡಿ ನೋಡಿ ಬರೆಯುತ್ತಿದ್ದೆ. ನನಗಿಂತ ಮುಂಚೆ ಕೂತಿದ್ದವನು ಮಿಠಾಯಿ ಅಂಗಡಿಯ ಹಾಬುಲ್. ಅವನು ಹಾಳೆ ಮುಗಿಸಿ ನನಗೆ ಕೊಡಬೇಕು. ನಾನು ನಿಧಾನ, ಅವನಿಗೆ ಬೇಜಾರು. ನೀವು ಚಹಾಕ್ಕೆಂದು ಒಳಗೆ ಹೋದಿರಿ.

"ನೋಡ್ರೋ, ನಾಲ್ಕನೇ ಕ್ಲಾಸಿನವರು ಈ ಸಲ ಮಾಧ್ಯಮಿಕ ಪರೀಕ್ಷೆಗೆ ಕೂತಿದಾರೆ" ಎಂದ ಹಾಬುಲ್. ಎಲ್ಲರೂ ನಕ್ಕರು. ಇನ್ನೊಬ್ಬ, "ದೀದಿ, ಅದು ಪೆನ್ನು, ರಾಟೆ ಹಿಡಿ ಅಲ್ಲ. ಯಾಕೆ ಕೈ ಹಾಗೆ ಸುತ್ತಿಸ್ತೀಯಾ?" ಎಂದ. ಹಾಬುಲ್ ಎಂಟನೆಯ ಹಾಳೆಯನ್ನು ನನ್ನ ಕಡೆ ಚಾಚಿ, ನಾನು ಕೈ ನೀಡಿದಾಗ ಹಿಂದಕ್ಕೆ ಎಳೆದುಕೊಂಡ. "ಮೊದಲು ಇದರಲ್ಲೇನಿದೆ ಓದು. ಓದಿದ್ರೆ ಕೊಡ್ತೀನಿ."

ಅವನು ಕೆಟ್ಟವನಲ್ಲ. ಅದು ಬರೀ ತಮಾಷೆ. ಬೇರೆ ಯಾರಾದರೂ ಆಗಿದ್ದರೆ ಕಿತ್ತುಕೊಂಡು ಬರೆಯುತ್ತಿದ್ದರು. ನಾನು ಏಳು ಹಾಳೆ ಮಡಚಿಕೊಂಡು ಎದ್ದು ಬಂದೆ.

ಮನೆಯಲ್ಲಿ ನಿತಾಯ್ ಸೊಳ್ಳೆಪರದೆಯೊಳಗೆ ಮಲಗಿದ್ದ. ಕಣ್ಣು ಬಿಡಲಾಗುತ್ತಿರಲಿಲ್ಲ. "ಎಷ್ಟು ಹಾಳೆ ದೀದಿ?" ಎಂದ. "ಏಳು." "ಸಾರ್ ಯಾವಾಗ್ಲೂ ಎಂಟು ಕೊಡ್ತಾರಲ್ಲ?" "ಈ ಸಲ ಏಳೇ ಅಂತೆ."

ಆ ಮಾತು ಬಾಯಿಂದ ಬಂದಾಗ ನಾಳೆ ಹೋಗಿ ಬರೆದುಕೊಂಡು ಬರೋಣ ಎಂದಿತ್ತು. ಮರುದಿನ ಹೋಗಲಿಲ್ಲ. ಅದರ ಮರುದಿನ ಅವನಿಗೆ ಜ್ವರ ಏರಿತು. ಆಮೇಲೆ ಕೇಳಿದರೆ ನೀವು "ಇಷ್ಟು ದಿನ ಏನ್ ಮಾಡ್ತಿದ್ದೆ?" ಎನ್ನುತ್ತೀರಿ ಎಂಬ ಹೆದರಿಕೆ. ಆಮೇಲೆ ಪರೀಕ್ಷೆಯೇ ಬಂತು. ಜೂನ್‌ನಲ್ಲಿ ಬಾಬಾ ನನ್ನನ್ನು ಕೇಳಿದರು, "ನೀನೇ ತಾನೇ ಹೋಗಿದ್ದವಳು? ಎಷ್ಟು ಕೊಟ್ರು?" "ಕೊಟ್ಟಷ್ಟೂ ಬರೆದೆ" ಎಂದೆ. ಎಂಟನೆಯದು ನನ್ನ ಕೈಗೆ ಬಂದಿರಲಿಲ್ಲ, ಆದ್ದರಿಂದ ಇದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಾಬಾ ಆ ಮಾತನ್ನು ಹಿಡಿದುಕೊಂಡು ಚಹಾ ಅಂಗಡಿಗೆ ಹೋದರು.

ಫಾರಂ ತುಂಬುವ ದಿನ ಮೊನ್ನೆ ಮುಗಿಯಿತು. ಮುಗಿಯುವುದನ್ನು ಕಾಯುತ್ತಿದ್ದೆನೋ ಏನೋ ನನಗೇ ತಿಳಿಯದು.

ಕ್ಷಮಿಸಿ ಎಂದು ಬರೆಯಲು ಧೈರ್ಯವಿಲ್ಲ.

ಶೇಫಾಲಿ


ದಿನ್‌ಹಾಟಾ
೫ ಜನವರಿ ೨೦೦೦

ಶೇಫಾಲಿ,

ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು. ಎರಡನೆಯದರಲ್ಲಿ ಬರೀ ಕ್ಷಮೆಯಿತ್ತು. ಎರಡೂ ಸುಳ್ಳು.

ಆ ದಿನ ಚಹಾ ಅಂಗಡಿಯ ಮುಂದೆ 'ನಕಲು ಮಾಡಿದ್ದು ನಿನ್ನ ಮಗಳು, ಅವಳನ್ನು ಕೇಳು' ಎಂಬ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು. ನಲವತ್ತು ಗಂಡಸರು ನಿಂತಿದ್ದರು. ಮದುವೆಯಾಗಬೇಕಾದ ಹುಡುಗಿಯ ಹೆಸರು ಆ ಗುಂಪಿನಲ್ಲಿ ಬೀಳುವುದು ಬೇಡವೆಂದು ನುಂಗಿಕೊಂಡೆ. ನಾನು ನುಂಗಿದ್ದನ್ನು ನೀನು ಬಾಗಿಲ ಹಿಂದೆ ನಿಂತು, ಎಲ್ಲ ಗೊತ್ತಿದ್ದೂ ಕೇಳಿಸಿಕೊಂಡೆ ಎಂದು ಈಗ ತಿಳಿಯಿತು. ಕೋಪ ಬಂದಿದೆ. ಬರಲಿಲ್ಲ ಎಂದರೆ ನೀನೂ ನಂಬುವುದಿಲ್ಲ.

ಆದರೆ ನನ್ನ ಪಾಲಿನದೂ ಇದೆ. ಹನ್ನೆರಡು ಜನರ ವರ್ಷವನ್ನು ಎಂಟು ಹಾಳೆಯಲ್ಲಿ ಮಡಚಿಟ್ಟವನು ನಾನು. ನನ್ನ ಪಟ್ಟಿ ಯಾವ ವರ್ಷವೂ ತಪ್ಪಿಲ್ಲ ಎಂದು ಜನ ಹೊಗಳಿದಾಗ ಮೀಸೆ ತಿರುವಿದವನೂ ನಾನೇ. ನಿತಾಯ್ ಏಳನೇ ಕ್ಲಾಸಿನಿಂದ ನನ್ನ ಹತ್ತಿರ ಬಂದ. ಅವನಿಗೆ ಇಡೀ ಪುಸ್ತಕ ಓದಿಸಿದ್ದರೆ ಒಂದು ಹಾಳೆ ಕಳೆದರೆ ಏನಾಗುತ್ತಿತ್ತು? ಅವನಿಗೆ ಪುಸ್ತಕ ಬೇಡ, ನಾನು ಸಾಕು ಎಂಬ ಅಭ್ಯಾಸ ಮಾಡಿಸಿದೆ. ಕಾವಲು ಎಂಬ ಅರ್ಥವನ್ನು ನಿನಗೆ ಬರೆದು ಕಳಿಸಿದ ಮೇಲೆ ಈ ಯೋಚನೆ ನನ್ನನ್ನು ಬಿಡುತ್ತಿಲ್ಲ.

ನನಗೆ ಹೇಳಿದ್ದರಿಂದ ಕೆಲಸ ಮುಗಿಯಲಿಲ್ಲ. ನನ್ನ ಹೆಸರು ಹೋದರೆ ನಾನು ಬೇರೆ ಊರಿಗೆ ಬಂದು ತಂಬಾಕಿನ ಮಧ್ಯೆ ಕೂರಬಲ್ಲೆ. ಆ ಹುಡುಗ ಏನೆಂದುಕೊಂಡು ಕೂತಿದ್ದಾನೆ ಯೋಚಿಸು. ತಾನು ನಂಬಿದವನೇ ಬಿಟ್ಟಿ ಹುಡುಗನಿಗೆ ಅರ್ಧ ಸಾಕು ಎಂದು ಎಣಿಸಿದ ಎಂದುಕೊಂಡಿದ್ದಾನೆ. ಅವನಿಗೆ ಬರೆ. ನಿನ್ನ ತಂದೆಗೂ ಹೇಳು.

ಶಶಧರ ಮೈತ್ರ


ಶಾಂತಿಪುರ
೧೪ ಜನವರಿ ೨೦೦೦

ಪ್ರೀತಿಯ ನಿತಾಯ್,

ಸಂಕ್ರಾಂತಿಗೆ ಹೊಸ ಅಕ್ಕಿಯ ಸಿಹಿ ಪಿಠೆ ಮಾಡಿದೆವು. ನಿನ್ನ ಪಾಲು ಎತ್ತಿಡುವುದಕ್ಕೆ ಹೋಗಿ ಕೈ ನಿಲ್ಲಿಸಿದೆ.

ಸಜೆಶನ್ ತರಲು ನಾನು ಹೋದ ದಿನ ಮಾಸ್ಟರಮಶಾಯ್ ಎಂಟು ಹಾಳೆ ಕೊಟ್ಟಿದ್ದರು. ಹುಡುಗರು ನಕ್ಕರೆಂದು ನಾನು ಏಳಕ್ಕೇ ಎದ್ದು ಬಂದೆ. ನಿನಗೆ ಏಳೇ ಎಂದು ಸುಳ್ಳು ಹೇಳಿದೆ. ಅವರು ನಿನಗೆ ಏನೂ ಕಡಿಮೆ ಮಾಡಿರಲಿಲ್ಲ. ಕಡಿಮೆ ಮಾಡಿದವಳು ನಾನು. ಇದನ್ನು ಹತ್ತು ತಿಂಗಳು ಇಟ್ಟುಕೊಂಡೆ.

ನಿನ್ನೆ ಬಾಬಾಗೂ ಹೇಳಿದೆ. ಅವರು ಮಗ್ಗ ನಿಲ್ಲಿಸಲಿಲ್ಲ. "ದಿನ್‌ಹಾಟಾದಿಂದ ಪತ್ರ ಬರ್ತಿದೆ ಅಂತ ಪೋಸ್ಟ್‌ನೋನು ಹೇಳ್ದ. ಈಗ ತಿಳೀತು ಯಾಕೆ ಅಂತ. ಚೆನ್ನಾಗಿ ಪಾಠ ಒಪ್ಪಿಸ್ತಾ ಇದೀಯ" ಎಂದರು. ನಾನೇ ಹೇಳುತ್ತಿದ್ದೇನೆ ಎಂದೆ. "ನೀನು ಬಾಯಿ ಬಿಟ್ಟು ಮೀನಿನವನ ಹತ್ರ ಚೌಕಾಸಿ ಮಾಡಿದವಳಲ್ಲ. ಇಷ್ಟುದ್ದ ಮಾತು ನಿಂದಲ್ಲ" ಎಂದರು.

ನೀನಾದರೂ ನಂಬು. ಬಾ. ಮುಂದಿನ ವರ್ಷಕ್ಕೆ ಇನ್ನೂ ಸಮಯವಿದೆ.

ನಿನ್ನ ದೀದಿ


ಸೂರತ್
೩೦ ಜನವರಿ ೨೦೦೦

ದೀದಿ,

ಪತ್ರ ಬಂತು. ಮಾಸ್ಟರ್ ಚೆನ್ನಾಗಿ ಬರೆಸಿದ್ದಾರೆ. 'ಕಡಿಮೆ ಮಾಡಿದವಳು ನಾನು' ಎಂಬ ಸಾಲಿಗೆ ಹತ್ತಕ್ಕೆ ಎಂಟು ಕೊಡಬಹುದು.

ನನ್ನನ್ನು ಇನ್ನೂ ಚಾಪೆಯ ಮೇಲಿನ ಹುಡುಗ ಎಂದುಕೊಂಡಿದ್ದೀರಾ? ಇಲ್ಲಿ ಎಂಟು ಮಗ್ಗ ಒಟ್ಟಿಗೆ ನೋಡಿಕೊಳ್ಳುತ್ತೇನೆ. ಸದ್ದಿಗೆ ಪಕ್ಕದವನ ಮಾತೂ ಕೇಳಿಸುವುದಿಲ್ಲ, ಬಹಳ ಆರಾಮು. ಪಕ್ಕದವನು ಒಡಿಶಾದವನು, ಆರು ತಿಂಗಳಿಂದ ಸನ್ನೆಯಲ್ಲೇ ಸ್ನೇಹ ಮಾಡಿಕೊಂಡಿದ್ದೇವೆ.

ನೀನು ಒಳ್ಳೆಯವಳು. ಊರಿನವರು ಅವರನ್ನು ಬೈದದ್ದು ನೋಡಲಾಗದೆ ನಿನ್ನ ತಲೆಯ ಮೇಲೆ ಹಾಕಿಕೊಂಡಿದ್ದೀಯೆ. ನೀನು ಹಾಗೇ, ಬೆಕ್ಕು ಹಾಲು ಕುಡಿದರೂ ನಾನೇ ಚೆಲ್ಲಿದೆ ಅನ್ನುವವಳು. ಆದರೆ ನಾನು ಪರೀಕ್ಷೆಯ ಕೋಣೆಯಲ್ಲಿದ್ದೆ, ನೀನಿರಲಿಲ್ಲ. ಪ್ರಶ್ನೆಪತ್ರಿಕೆ ತಿರುಗಿಸಿದಾಗ ಆ ಎರಡು ಪ್ರಶ್ನೆ ನನಗೆ ಗೊತ್ತಿರಲಿಲ್ಲ. ತಲೆ ಎತ್ತಿ ನೋಡಿದೆ. ನಮ್ಮವರು ಉಳಿದ ಹನ್ನೊಂದು ಜನರ ಪೆನ್ನುಗಳೂ ಒಂದೇ ವೇಗದಲ್ಲಿ ಓಡುತ್ತಿದ್ದವು. ಆಗಲೇ ತಿಳಿಯಿತು. ನಾಲ್ಕು ವರ್ಷ ಆ ಕೋಣೆ ಗುಡಿಸಿದೆ, ಹೂಜಿಗೆ ನೀರು ತುಂಬಿದೆ. ಅವರು ಒಂದು ಸಲ ನನ್ನ ತಲೆಯ ಮೇಲೆ ಕೈಯಿಟ್ಟು, "ನಂಗೆ ಮಗ ಇದ್ದಿದ್ರೆ ಹೀಗೇ ಇರ್ತಿದ್ದ" ಅಂದಿದ್ದರು. ಬಿಟ್ಟಿಯಾಗಿ ಮಾತು ಕೊಡಬಹುದು, ಎಂಟನೆಯ ಹಾಳೆ ಕೊಡಲಾಗುವುದಿಲ್ಲ.

ಇನ್ನು ಆ ವಿಷಯ ಬರೆಯಬೇಡ. ಬಾಬಾನ ಕಣ್ಣಿಗೆ ಔಷಧಿ ಹಾಕು.

ನಿತಾಯ್


ಶಾಂತಿಪುರ
೧೫ ಫೆಬ್ರವರಿ ೨೦೦೦

ಮಾಸ್ಟರಮಶಾಯ್ ಅವರ ಪಾದಗಳಿಗೆ,

ನಿತಾಯ್ ನಂಬಲಿಲ್ಲ. ಬಾಬಾನೂ ನಂಬಲಿಲ್ಲ. ನನ್ನ ಮಾತಿಗೆ ಇಷ್ಟು ವರ್ಷ ಯಾರೂ ಕಿವಿಗೊಟ್ಟ ಅಭ್ಯಾಸವಿಲ್ಲ, ಅವರ ತಪ್ಪಲ್ಲ. ಹೇಳುವುದಕ್ಕೆ ಇನ್ನೊಬ್ಬ ಇದ್ದ.

ಸರಸ್ವತಿ ಪೂಜೆಯ ಮರುದಿನ ಹಾಬುಲ್‌ನ ಅಂಗಡಿಗೆ ಹೋದೆ. ನಾಲ್ಕೈದು ಗಿರಾಕಿಗಳಿದ್ದರು. "ಏನ್ ದೀದಿ, ನಿಖುತಿ ಕೊಡ್ಲಾ?" ಎಂದ. ಮಾತಾಡಬೇಕು ಎಂದೆ. "ಇಲ್ಲಿ ಮಾತು ತೂಕ ಹಾಕಿ ಮಾರಲ್ಲ." ಗಿರಾಕಿಗಳು ನಕ್ಕರು. ಕಾಲು ಹಿಂದಕ್ಕೆ ಎಳೆಯಿತು. ಅಂಗಡಿಯ ಕಂಬ ಹಿಡಿದುಕೊಂಡು ನಿಂತೆ.

"ಎಂಟನೇ ಹಾಳೆ ನಿನ್ನ ಕೈಲಿತ್ತು" ಎಂದೆ.

ಅವನು ಕಟ್ಟುತ್ತಿದ್ದ ಪೊಟ್ಟಣವನ್ನು ಹಾಗೇ ಬಿಟ್ಟ. ಗಿರಾಕಿಗಳನ್ನು ಕಳಿಸಿ, ನನ್ನ ಮುಖ ನೋಡದೆ ಹೇಳಿದ, "ನಗಿಸೋಣ ಅಂತ ಮಾಡಿದ್ದು ದೀದಿ. ನೀನು ಎದ್ದು ಹೋಗ್ತೀಯ ಅಂತ ಯಾರಿಗೆ ಗೊತ್ತು?"

"ಆಮೇಲೆ ಯಾರಿಗೂ ಹೇಳಲಿಲ್ಲ ನೀನು."

"ನೀನೂ ಹೇಳಲಿಲ್ವಲ್ಲ."

"ಹೌದು. ಅದಕ್ಕೇ ಬಂದೆ."

ತಿರುಗಿ ಒಲೆಯ ಮೇಲಿನ ಪಾಕ ಕದಡಿದ. "ಸಾರ್ ಹೋದ ದಿನ ಸ್ಟೇಷನ್ ತನಕ ಹೋಗಿದ್ದೆ. ಪ್ಲಾಟ್‌ಫಾರಂ ಮೇಲೆ ಒಬ್ಬರೇ ಕೂತಿದ್ರು. ಹತ್ರ ಹೋಗಕ್ಕಾಗ್ಲಿಲ್ಲ" ಎಂದ. ಸಂಜೆ ನಮ್ಮ ಮನೆಗೆ ಬಂದು ಬಾಬಾ ಎದುರಿಗೆ ಎಲ್ಲ ಹೇಳಿದ. ನಿತಾಯ್‌ಗೂ ಪತ್ರ ಹಾಕಿದ್ದಾನೆ.

ಬಾಬಾ ಲಾಳಿಯನ್ನು ಮಗ್ಗದ ಮೇಲಿಟ್ಟು ಎದ್ದರು. "ಅಲ್ಲಿ ಆಡಿದ ಮಾತನ್ನ ಅಲ್ಲೇ ವಾಪಸ್ ತಗೋಬೇಕು" ಎಂದು ಹಾಬುಲ್‌ನ ಹೆಗಲು ಹಿಡಿದುಕೊಂಡು ಚಹಾ ಅಂಗಡಿಗೆ ಹೋದರು. "ಮಾಸ್ಟರ್ ತಪ್ಪು ಮಾಡಿಲ್ಲ, ನಾನು ಮಾಡಿದ್ದು" ಎಂದು ಗಟ್ಟಿಯಾಗಿ ಹೇಳಿದರಂತೆ. "ಹೌದಾ? ಹೋಗ್ಲಿ ಬಿಡು ಹರಿಪದ, ಹಳೇ ಕಥೆ" ಎಂದು ಜನ ರೇಡಿಯೋ ಕಡೆ ತಿರುಗಿದರಂತೆ. ಕ್ರಿಕೆಟ್ ಇತ್ತು.

ಬಾಬಾ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನೂಲು ಬೇಕಾದರೆ ರಾಟೆಯ ಕಡೆ ತಿರುಗಿ ಕೆಮ್ಮುತ್ತಾರೆ.

ನಮ್ಮಿಬ್ಬರ ಪತ್ರಗಳ ಬಗ್ಗೆ ಓಣಿಯಲ್ಲಿ ಮಾತಾಗಿದೆ. ಬರೆಯುವುದಿದ್ದರೆ ನಿಮ್ಮ ಅತ್ತೆಯ ವಿಳಾಸಕ್ಕೆ ಬರೆಯಿರಿ. ಅವರಿಗೆ ಎಣ್ಣೆ ಹಚ್ಚಲು ದಿನಾ ಹೋಗುತ್ತೇನೆ. ನೀವು ಊರಿಗೆ ಬರಬಹುದು ಎನ್ನುವುದಕ್ಕಾಗಿ ಇಷ್ಟೆಲ್ಲ ಬರೆದೆ. ಬರುತ್ತೀರಾ?

ಪ್ರಣಾಮಗಳೊಂದಿಗೆ,
ಶೇಫಾಲಿ


ದಿನ್‌ಹಾಟಾ
೨೩ ಏಪ್ರಿಲ್ ೨೦೦೦

ಕಲ್ಯಾಣೀಯೆ ಶೇಫಾಲಿಗೆ,

ತಡವಾಯಿತು. ಕಾರಣವಿದೆ.

ಊರಿಗೆ ಬರಲಾರೆ. ಹರಿಪದನ ಮೇಲೆ ಸಿಟ್ಟಿಲ್ಲ, ಅವನು ಕಣ್ಣು ಕಾಣದೆ ಚಹಾ ಅಂಗಡಿಯವರೆಗೆ ನಡೆದು ಹೋದ ಎಂಬ ಸಾಲನ್ನು ಎರಡು ಸಲ ಓದಿದೆ. ಆದರೆ ಹಳೇ ಕಥೆ ಎಂದವರ ಮಕ್ಕಳಿಗೆ ಮತ್ತೆ ಚಾಪೆ ಹಾಸುವ ಮನಸ್ಸು ನನ್ನಲ್ಲಿ ಉಳಿದಿಲ್ಲ.

ಎರಡು ವಾರದ ಹಿಂದೆ ಮಧ್ಯಾಹ್ನ ಗೋದಾಮಿನ ಬಾಗಿಲಲ್ಲಿ ಒಬ್ಬ ಉದ್ದನೆಯ ಹುಡುಗ ತಗಡಿನ ಪೆಟ್ಟಿಗೆ ಹಿಡಿದು ನಿಂತಿದ್ದ. ಮೀಸೆ ಬಂದಿದೆ, ಗುರುತು ಸಿಗಲಿಲ್ಲ. "ಇಲ್ಲಿ ಕೆಲಸ ಇದೆಯಾ?" ಎಂದ. ದನಿ ಕೇಳಿದ ಮೇಲೆ ತಿಳಿಯಿತು. ನನ್ನ ಬಾಯಿಗೆ ಬಂದದ್ದು ಮೂರ್ಖ ಮಾತು: "ಏನ್ ಕೆಲಸ ಗೊತ್ತು ನಿಂಗೆ?" "ಏನೂ ಗೊತ್ತಿಲ್ಲ. ಹೇಳಿಕೊಡ್ತೀರಾ?" ಎಂದು ಅಲ್ಲೇ ಕುಸಿದು ಕೂತು ಅತ್ತ. ಜೇಬಿನಲ್ಲಿ ಹಾಬುಲ್‌ನ ಪತ್ರವಿತ್ತು. ತಂಬಾಕಿನ ಘಾಟಿಗೆ ನನಗೂ ಕಣ್ಣಲ್ಲಿ ನೀರು ಬರುವುದು ಸಹಜ, ಯಾರೂ ಗಮನಿಸಲಿಲ್ಲ.

ಬೆಳಿಗ್ಗೆ ಗೋದಾಮಿನಲ್ಲಿ ನನ್ನ ಜೊತೆ ಕೆಲಸ, ಮಧ್ಯಾಹ್ನದ ನಂತರ ಓದು. ಮುಂದಿನ ವರ್ಷ ಇಲ್ಲಿಂದಲೇ ಪರೀಕ್ಷೆ ಕಟ್ಟುತ್ತಾನೆ. ಪಟ್ಟಿ ಇಲ್ಲ, ಇಡೀ ಪುಸ್ತಕ ಎಂದಿದ್ದೇನೆ. ಮುಖ ಊದಿಸಿದ, ಆದರೂ ಓದುತ್ತಿದ್ದಾನೆ.

ಅವನು ಇಲ್ಲಿರುವುದನ್ನು ನಿನಗೆ ತಿಳಿಸಬೇಡಿ ಎಂದಿದ್ದಾನೆ. ಕಾರ್ಖಾನೆಯಲ್ಲೇ ಇದ್ದೇನೆ ಎಂದು ಸೂರತ್ ಬಿಡುವಾಗ ಮನೆಗೆ ಒಂದು ಕಾರ್ಡು ಹಾಕಿದ್ದಾನೆ. ನಿನ್ನ ಹೆಸರು ಎತ್ತುವುದಿಲ್ಲ. ನಾನು ಎತ್ತಿದರೆ ಎದ್ದು ಹೊರಗೆ ಹೋಗುತ್ತಾನೆ. ಮೊನ್ನೆ ಒಂದು ಸಲ ಮಾತ್ರ, ಕೇಳದೆಯೇ ಹೇಳಿದ: "ಸೀತಾಳೆ ಸಿಡುಬು ಎದ್ದಾಗ ದೀದಿ ಹನ್ನೆರಡು ದಿನ ಬೇವಿನ ಸೊಪ್ಪಲ್ಲಿ ಗಾಳಿ ಬೀಸಿದ್ಲು. ಕೈ ಸೋತರೆ ಇನ್ನೊಂದು ಕೈಲಿ ಬೀಸ್ತಿದ್ಲು. ಅದನ್ನ ನೆನೆಸ್ಕೊಂಡ್ರೆ ಕೋಪ ಉಳಿಯಲ್ಲ. ಅದಕ್ಕೇ ನೆನೆಸ್ಕೊಳ್ಳಲ್ಲ."

ಅವನ ಮಾತು ಮೀರಿ ನಿನಗೆ ಬರೆಯುತ್ತಿದ್ದೇನೆ. ಅವನನ್ನು ಕಳಿಸಿದವಳು ನೀನು, ತಲುಪಿದ ಎಂದಾದರೂ ನಿನಗೆ ತಿಳಿಯಬೇಕು. ಅವನಿಗೆ ಬುದ್ಧಿ ಹೇಳಿ ಒಂದು ಪತ್ರ ಬರೆಸಲೇ?

ಆಶೀರ್ವಾದಗಳೊಂದಿಗೆ,
ಶಶಧರ ಮೈತ್ರ


ಶಾಂತಿಪುರ
೪ ಮೇ ೨೦೦೦

ಮಾಸ್ಟರಮಶಾಯ್ ಅವರ ಪಾದಗಳಿಗೆ,

ನಿಮ್ಮ ಪತ್ರವನ್ನು ಅತ್ತೆಯ ಅಡುಗೆಮನೆಯಲ್ಲಿ ಓದಿದೆ. "ಯಾಕೆ ಹೀಗೆ ನಗ್ತಾ ಅಳ್ತೀಯೆ?" ಎಂದು ಕೇಳಿದರು. ನೆಪ ಹೇಳೋಣವೆಂದರೆ ಈರುಳ್ಳಿಯನ್ನೂ ಹೆಚ್ಚುತ್ತಿರಲಿಲ್ಲ.

ಅವನಿಗೆ ಬುದ್ಧಿ ಹೇಳಬೇಡಿ. ಬೇವಿನ ಸೊಪ್ಪು ನೆನಪಾದರೆ ಅವನು ಮನೆಗೆ ಓಡಿ ಬರುತ್ತಾನೆ, ಬಂದರೆ ಮಗ್ಗ ಹಿಡಿಯುತ್ತಾನೆ. ಪುಸ್ತಕ ಮುಗಿಯುವವರೆಗೆ ಕೋಪ ಇರಲಿ. ಆಮೇಲೂ ಇದ್ದರೆ ಇರಲಿ.

ಅವನಿಗೆ ಬದನೆಕಾಯಿ ಆಗುವುದಿಲ್ಲ, ಮೈ ಕೆರೆಯುತ್ತದೆ. ಆದರೂ ಕೇಳದೆ ತಿನ್ನುತ್ತಾನೆ. ಭೂಪಟ ಬರೆಯುವಾಗ ನಾಲಿಗೆ ಕಚ್ಚಿಕೊಳ್ಳುತ್ತಾನೆ, ಒಂದು ಸಲ ರಕ್ತ ಬಂದಿತ್ತು.

ಬಾಬಾ ಮೊನ್ನೆ ಕೆಮ್ಮುವ ಬದಲು "ಶೇಫಾಲಿ, ನೂಲು" ಎಂದರು. ಸೂರತ್‌ನ ಕಾರ್ಡನ್ನು ನನ್ನ ಕೈಲಿ ಓದಿಸಿಕೊಂಡರು. ಮಗ ಕಾರ್ಖಾನೆಯಲ್ಲಿ ಸುಖವಾಗಿದ್ದಾನೆ ಎಂದು ನಾನು ಗಟ್ಟಿಯಾಗಿ ಓದಿದೆ.

ಅವನು ನನ್ನ ಬಗ್ಗೆ ಕೇಳಿದರೆ ಚೆನ್ನಾಗಿದ್ದಾಳೆ ಎನ್ನಿ. ಕೇಳದಿದ್ದರೆ ಏನೂ ಹೇಳಬೇಡಿ. ಇನ್ನು ಮುಂದೆ ನಾನು ಬರೆಯುವುದಿಲ್ಲ. ಅವನು ನೋಡಿಬಿಟ್ಟರೆ ನೀವು ಮಾತು ತಪ್ಪಿದಿರಿ ಎಂದು ತಿಳಿಯುತ್ತಾನೆ. ಇನ್ನೊಮ್ಮೆ ನಿಮ್ಮ ಮೇಲೆ ಅವನ ನಂಬಿಕೆ ಹೋಗಬಾರದು.

ಲಕೋಟೆಯ ಮೇಲಿನ ವಿಳಾಸವನ್ನು ಹಾಬುಲ್ ಕೈಲಿ ಬರೆಸಿದ್ದೇನೆ. ನನ್ನ ಅಕ್ಷರ ನಿತಾಯ್‌ಗೆ ಗೊತ್ತಾಗುತ್ತದೆ. ಓದಿದ ಮೇಲೆ ಇದನ್ನು ಇಟ್ಟುಕೊಳ್ಳಬೇಡಿ.

ಪ್ರಣಾಮಗಳೊಂದಿಗೆ,
ಶೇಫಾಲಿ